ಸಹ್ಯಾದ್ರಿಯ ವನೌಷಧಿಗಳು: ಬಳಕೆ ಮತ್ತು ರಕ್ಷಣೆ

ನಮ್ಮ ನಾಡಿನ ವೈದ್ಯದ ಇತಿಹಾಸವು ಬಹುಮಟ್ಟಿಗೆ ಕಾಡಿನ ಇತಿಹಾಸವೇ ಆಗಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ರೋಗ, ಚಿಕಿತ್ಸೆಗಳ ಪರಿಭಾಷೆಯಲ್ಲಿಯೇ ಭವರೋಗದ ತತ್ತ್ವವನ್ನು ನಿರೂಪಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ರಚಿಸಿದನು. ಮಲೆನಾಡನ್ನಾಳಿದ ವೀರಶೈವ ಅರಸು ಕೆಳದಿಯ ಬಸವಪ್ಪನಾಯಕನ ಸಂಸ್ಕೃತ ಗ್ರಂಥವಾದ 'ಶಿವತತ್ತ್ವರತ್ನಾಕರ'ದಲ್ಲಿ ವೈದ್ಯಕ್ಕೂ ಸ್ಥಾನವುಂಟು. ಈ ಪರಂಪರೆಯಲ್ಲಿ ಊರ ವೈದ್ಯನಿಗೆ ಬೇಕಾಗುತ್ತಿದ್ದುದು ಒಂದು ಹಿಡಿ ಬೇರು, ಒಂದು ಚಕ್ಕೆ ತೊಗಟೆ. ಅಷ್ಟನ್ನು ಕೊಟ್ಟ ಗಿಡವು ಮತ್ತೆ ಚಿಗುರಬಲ್ಲುದಾಗಿತ್ತು.

ದೂರದ ಪೇಟೆಯ ಬೇಡಿಕೆಯು ಈ ಅಳತೆಯನ್ನು ಕೆಡಿಸಿತು. ಮರಾಠಿಗರು ನರಕ್ಯಾ ಎಂದು ಕರೆಯುವ ಸಹ್ಯಾದ್ರಿಯ ಸಣ್ಣ ಮರವೊಂದರ ಕಥೆಯೇ ಇದಕ್ಕೆ ನಿದರ್ಶನ. 1966ರಲ್ಲಿ ಅಮೆರಿಕೆಯಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಚೀನಾ ದೇಶದ ಮರವೊಂದರಿಂದ ಅರ್ಬುದ ರೋಗವನ್ನು ತಡೆಯುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನರಕ್ಯಾದಲ್ಲಿ ಕಂಡುಹಿಡಿದರು. 1996ರಲ್ಲಿ ಇದರ ಆಧಾರದ ಎರಡು ಔಷಧಗಳಿಗೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ರೋಗಿಗಳಿಗೆ ಇದು ವರವೇ ಆಯಿತು, ಮರಕ್ಕಾದರೋ ಶಾಪವಾಯಿತು. ಕಾಡಿನಲ್ಲಿ ಮರಗಳನ್ನು ಬುಡಸಹಿತ ಕಡಿದು ಸಾಗಿಸಲಾಯಿತು.

ಮರದರಿಶಿನದ ಸ್ಥಿತಿಯು ಇನ್ನೂ ಸೂಕ್ಷ್ಮವಾದುದು. ಹಳದಿ ಕಾಂಡದ ಈ ಬಳ್ಳಿಯಲ್ಲಿ ಗಂಡು ಹೆಣ್ಣುಗಳು ಬೇರೆ ಬೇರೆ. ಇದು ಬಲಿಯಲು ಅನೇಕ ವರ್ಷಗಳು ಬೇಕು. ಔಷಧಿಗೆ ಬೇಕಾದುದು ಕಾಂಡವೇ ಆದುದರಿಂದ ಬಲಿತ ಬಳ್ಳಿಗೇ ಕತ್ತಿ ಬೀಳುತ್ತದೆ. ಒಂದು ಕಾಡಿನ ಗಂಡುಬಳ್ಳಿಗಳೆಲ್ಲ ಹೋದರೆ ಉಳಿದ ಹೆಣ್ಣುಬಳ್ಳಿಗಳು ಹಸಿರಾಗಿದ್ದೂ ಬೀಜ ಕಟ್ಟಲಾರವು.

ಈ ಅಪಾಯವನ್ನರಿತು 1988ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯು ಔಷಧೀಯ ಸಸ್ಯಗಳ ರಕ್ಷಣೆಗೆ ಕರೆಕೊಟ್ಟಿತು. 1993ರಿಂದ ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳು ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯೊಡನೆ ಕೂಡಿ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. ಕರ್ನಾಟಕದಲ್ಲಿ ಸಾವನದುರ್ಗ, ದೇವರಾಯನದುರ್ಗಗಳ ಒಣ ಕಾಡಿನಿಂದ ಸುಬ್ರಹ್ಮಣ್ಯದ ನಿತ್ಯಹಸಿರು ಕಾಡಿನವರೆಗೆ ಇವು ಹರಡಿವೆ. ತೋಟದಲ್ಲಿ ಬೆಳೆಸಿದರೆ ಸಾಲದೆ ಎಂಬ ಪ್ರಶ್ನೆ ಏಳಬಹುದು. ಕೃಷಿಯು ಪೇಟೆಯ ಒತ್ತಡವನ್ನು ತಗ್ಗಿಸುವುದು ನಿಜ. ಆದರೆ ತೋಟಕ್ಕೆ ಬರುವುದು ಆಯ್ದ ಕೆಲವು ಗಿಡಗಳ ಸಂತತಿ ಮಾತ್ರ. ಮಳೆ, ಮಣ್ಣು, ಎತ್ತರಗಳಿಗೆ ತಕ್ಕಂತೆ ಒಂದೇ ಜಾತಿಯಲ್ಲಿ ಮೂಡಿರುವ ಭೇದಗಳೂ, ಹೂವನ್ನು ಫಲಿಸುವ ಕೀಟಗಳೂ, ಬೀಜ ಹರಡುವ ಹಕ್ಕಿಗಳೂ ಕಾಡಿನಲ್ಲಿಯೇ ಉಳಿಯತಕ್ಕವು.

ರಕ್ಷಣೆಯೆಂದರೆ ಮನುಷ್ಯರನ್ನು ಹೊರಗಿಡುವುದೆಂದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಜೇನು ಮೊದಲಾದುವನ್ನು ಆಯ್ದು ಬಾಳಿದವರು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪರಿಣಾಮವಾಗಿ ಅಲ್ಲಿ ಮಾರಾಟಕ್ಕೆಂದು ಆಯುವುದು ನಿಷಿದ್ಧವಾಯಿತು. ಅವರ ಜೀವನೋಪಾಯಕ್ಕೆ ಕುತ್ತು ಬಂದಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಮೇರೆಗೆ 2011ರಲ್ಲಿ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಗಿಡದ ಗುರುತು, ಕೀಳುವ ಋತು, ಬಿಡಬೇಕಾದ ಪ್ರಮಾಣ ಇವೆಲ್ಲ ಇಂತಹ ಜನರ ನೆನಪಿನಲ್ಲಿವೆ. ಅವರನ್ನು ಕಾಡಿನಿಂದ ಅಗಲಿಸಿದರೆ ಸಸ್ಯ ಉಳಿದರೂ ಅದರ ವಿದ್ಯೆ ಅಳಿಯುವುದು.

ಶರಣರು ಕಾಯಕವನ್ನು ಹೇಳಿದಲ್ಲಿಯೇ ದಾಸೋಹವನ್ನೂ ಹೇಳಿದರು. ಗಳಿಸುವುದು ಒಂದು ಮುಖ, ಹಿಂದಿರುಗಿಸುವುದು ಇನ್ನೊಂದು ಮುಖ. ಕಾಡಿನ ಮದ್ದಿನ ವ್ಯಾಪಾರವು ಮೊದಲನೆಯದನ್ನು ಮಾತ್ರ ಕಲಿತು ಎರಡನೆಯದನ್ನು ಮರೆಯಿತು. ಬೀಜಕ್ಕೆಂದು ನಾಲ್ಕು ಹಣ್ಣನ್ನು ಮರದಲ್ಲಿ ಉಳಿಸುವುದು, ಬಲಿತ ತಾಯಿಬಳ್ಳಿಯನ್ನು ಕಡಿಯದಿರುವುದು ಕಾಡಿಗೆ ಸಲ್ಲುವ ದಾಸೋಹ. ಅದು ನಡೆದಲ್ಲಿ ಮಾತ್ರ ಮುಂದಿನ ರೋಗಿಗೂ ಮದ್ದು ದೊರೆಯುವುದು.