ಬೀದಿ ಚಿತ್ರಕ್ಕೆ ಯಾವ ಕ್ಯಾಮೆರಾ?

ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಹುಡುಗರು ಈಗೀಗ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. ‘ಸಾರ್, ಬೀದೀಲಿ ಜನರ ಫೋಟೋ ತೆಗೀಬೇಕು. ಯಾರೂ ಪೋಸ್ ಕೊಡಬಾರದು, ಸಹಜವಾಗಿರಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?’ ಅಂಗಡಿಯವರನ್ನು ಕೇಳಿದರೆ ಮೆಗಾಪಿಕ್ಸೆಲ್ ಲೆಕ್ಕ ಹೇಳ್ತಾರೆ. ನಾನು ಇವತ್ತು ಇತಿಹಾಸ ಹೇಳ್ತೀನಿ. ಯಾಕಂದ್ರೆ, ಯಾರ ಕೈಯಲ್ಲಿ ಎಂಥ ಕ್ಯಾಮೆರಾ ಇತ್ತು ಅನ್ನೋದೇ ಯಾರ ಮುಖ ಉಳಿಯಬೇಕು, ಯಾರದು ಅಳಿಯಬೇಕು ಅಂತ ತೀರ್ಮಾನ ಮಾಡಿದೆ.

1838ರಲ್ಲಿ ಪ್ಯಾರಿಸ್‌ನ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದ. ಜನ, ಕುದುರೆಗಾಡಿ ಎಲ್ಲ ಓಡಾಡುತ್ತಿದ್ದ ಬೀದಿ. ಆದರೆ ಚಿತ್ರದಲ್ಲಿ ಬೀದಿ ಖಾಲಿ! ಬೆಳಕು ಮೂಡಲು ನಿಮಿಷಗಟ್ಟಲೆ ಬೇಕಾಗಿತ್ತು. ನಡೆಯುವವರು ಯಾರೂ ದಾಖಲಾಗಲಿಲ್ಲ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ ಮನುಷ್ಯ, ಅವನ ಕಾಲ ಬಳಿ ಮಸುಕಾಗಿ ಪಾಲಿಶ್ ಹುಡುಗ. ನಿಂತವನು ಉಳಿದ, ನಡೆದವನು ಅಳಿದ.

ನಮ್ಮಲ್ಲೂ ಅದೇ ಕಥೆ. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು, ಹಳೇಬೀಡಿಗೆ ಬಂದು ದೇವಸ್ಥಾನಗಳ ಚಿತ್ರ ತೆಗೆದ. ಅದ್ಭುತ ಚಿತ್ರಗಳು. ಕಲ್ಲು ಅಲುಗುವುದಿಲ್ಲವಲ್ಲ! ಶಿಲಾಬಾಲಿಕೆಯರು ಉಳಿದರು. ಅವರ ಕೆಳಗೆ ಓಡಾಡುತ್ತಿದ್ದ ಸಂತೆಯ ಜನ?

ಜನರನ್ನು ಓಡಾಡುವಾಗಲೇ ಹಿಡಿಯೋಕೆ ಕ್ಯಾಮೆರಾ ಚಿಕ್ಕದಾಗಬೇಕಾಯಿತು, ಬೇಗನೆ ಕೆಲಸ ಮಾಡಬೇಕಾಯಿತು. 1900ರಲ್ಲಿ ಕೊಡಾಕ್ ಕಂಪನಿಯ ಬ್ರೌನಿ ಒಂದು ಡಾಲರ್‌ಗೆ ಬಂತು. ಆದರೆ ಬೀದಿ ಚಿತ್ರದ ದಿಕ್ಕು ಬದಲಾದದ್ದು 1925ರಲ್ಲಿ. ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಹೊರಬಂತು. ಅದನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸಿನಿಮಾಕ್ಕೆ ಬಳಸುತ್ತಿದ್ದ 35 ಎಂಎಂ ಫಿಲ್ಮನ್ನೇ ಅದಕ್ಕೆ ಹಾಕಿದ್ದ. ಕೋಟಿನ ಜೇಬಿಗೆ ಹೋಗುವ ಯಂತ್ರ! ಆನ್ರಿ ಕಾರ್ಟಿಯರ್ ಬ್ರೆಸೋನ್ ಅದರ ಹೊಳೆಯುವ ಮೈಗೆ ಕಪ್ಪು ಟೇಪು ಅಂಟಿಸಿಕೊಂಡು ಓಡಾಡಿದ. 1948ರ ಜನವರಿ 30ರಂದು ಗಾಂಧೀಜಿಯವರನ್ನು ಕೊಲೆಗೆ ಸ್ವಲ್ಪ ಮೊದಲು ಭೇಟಿಯಾಗಿದ್ದವನೂ ಅವನೇ.

ಇನ್ನೊಂದು ದಾರಿ 1929ರ ರೋಲೈಫ್ಲೆಕ್ಸ್. ಎರಡು ಕಣ್ಣಿನ ಪೆಟ್ಟಿಗೆ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ನೋಡಬೇಕು. ಎದುರಿನವರಿಗೆ ಇವನು ತಮ್ಮನ್ನು ದಿಟ್ಟಿಸುತ್ತಿದ್ದಾನೆ ಅನ್ನಿಸೋದೇ ಇಲ್ಲ. ಮೇಲಿನ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತೆ. ಪಳಗಲು ಸಮಯ ಬೇಕು.

ನಮ್ಮ ನೆಲದ ಹೆಸರು ಹೇಳಬೇಕಂದ್ರೆ ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದವರು, 1948ರಲ್ಲಿ ಶುರುವಾದ ‘ಡೆಕ್ಕನ್ ಹೆರಾಲ್ಡ್’ನ ಆರಂಭದ ದಿನಗಳ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ದೊಡ್ಡವರ ಚಿತ್ರ ಎಲ್ಲರೂ ತೆಗೀತಾರೆ. ಸತ್ಯನ್ ಹೆಸರು ಉಳಿದದ್ದು ಸಾಮಾನ್ಯರ ಚಿತ್ರಗಳಿಂದ.

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬನ್ನಿ. 1884ರಲ್ಲಿ ಶುರುವಾದ ಗಿರಣಿ, ಆಮೇಲೆ ಬಿನ್ನಿ ಮಿಲ್ ಆಯಿತು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲು. ರಾಜಾಜಿನಗರದ ಅಂಚಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ಕಡೆ ಈಗ ಒರಾಯನ್ ಮಾಲ್. ಶಿಫ್ಟ್ ಮುಗಿದು ಸೈಕಲ್ ತಳ್ಳಿಕೊಂಡು, ಟಿಫನ್ ಡಬ್ಬಿ ನೇತುಹಾಕಿಕೊಂಡು ಗೇಟಿನಿಂದ ಹೊರಬರುತ್ತಿದ್ದ ಜನಸಾಗರದ ಚಿತ್ರ ನಿಮ್ಮ ಮನೆಯ ಆಲ್ಬಮ್ಮಿನಲ್ಲಿದೆಯಾ? ಹುಡುಕಿ ನೋಡಿ. ಸ್ಟುಡಿಯೋದಲ್ಲಿ ಕುರ್ಚಿ ಮೇಲೆ ಕೂತ ತಾತ ಸಿಗಬಹುದು. ಕಾರ್ಖಾನೆ ಗೇಟಿನ ತಾತ ಸಿಗೋದು ಕಷ್ಟ.

ಕಾರಣ ಸರಳ. ಆಗ ಮಧ್ಯಮ ವರ್ಗದ ಮನೆಯಲ್ಲಿ ಇದ್ದಿದ್ದರೆ ಒಂದು ಆಗ್ಫಾ ಕ್ಲಿಕ್ 3. ರೋಲಿಗೆ 12 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್ ಬಂದ ಮೇಲೂ ತೊಳೆಸೋ ಖರ್ಚು, ಪ್ರಿಂಟಿನ ಖರ್ಚು ತಪ್ಪಲಿಲ್ಲ. ಆ 12ರಲ್ಲಿ ಮದುವೆ, ನಾಮಕರಣ, ತಿರುಪತಿ ಯಾತ್ರೆ ಎಲ್ಲ ಮುಗೀಬೇಕು. ಬೀದಿಗೆ ಒಂದು ಚಿತ್ರ ದಂಡ ಮಾಡೋರು ಯಾರು ಸ್ವಾಮಿ?

ಈಗ ಆ ನೆಪ ಇಲ್ಲ. ಹಾಗಾದ್ರೆ ಯಾವುದು ತಗೋಬೇಕು? ದೊಡ್ಡ ಡಿಎಸ್‌ಎಲ್‌ಆರ್, ಉದ್ದನೆ ಜೂಮ್ ಹಿಡಿದು ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ನೋಡಿ. ಮಾರು ಹೂವು ಅಳೆಯುತ್ತಿದ್ದ ಅಮ್ಮ ಕೈ ನಿಲ್ಲಿಸಿ ಸೆರಗು ಸರಿಮಾಡಿಕೊಳ್ತಾರೆ. ಒಳಗಿನ ಕನ್ನಡಿ ಏಳುವ ಸದ್ದಿಗೆ ಪಕ್ಕದವರೂ ತಿರುಗ್ತಾರೆ. ಚಿತ್ರ ಅಲ್ಲಿಗೆ ಮುಗೀತು. ಚಿಕ್ಕ ಮಿರರ್‌ಲೆಸ್ ಕ್ಯಾಮೆರಾಕ್ಕೆ ಒಂದೇ ಅಳತೆಯ 28 ಅಥವಾ 35 ಎಂಎಂ ನೋಟದ ಲೆನ್ಸ್ ಸಾಕು. ರಿಕೋ ಜಿಆರ್, ಫ್ಯೂಜಿ ಎಕ್ಸ್100 ಜಾತಿಯ ಕ್ಯಾಮೆರಾಗಳಲ್ಲಿ ಶಟರ್ ಲೆನ್ಸಿನೊಳಗೇ ಇರೋದರಿಂದ ಸದ್ದು ಕೇಳಿಸೋದೇ ಕಷ್ಟ.

ಪೂರ್ತಿ ನಿಶ್ಶಬ್ದದ ಎಲೆಕ್ಟ್ರಾನಿಕ್ ಶಟರ್ ಬಗ್ಗೆ ಎಚ್ಚರ. ನಮ್ಮ ವಿದ್ಯುತ್ತು 50 ಹರ್ಟ್ಸ್, ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ರಾತ್ರಿ ಅಂಗಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆ ಬರುತ್ತೆ. ವೇಗ 1/100ಕ್ಕೆ ಇಳಿಸಿ. ಹಗಲಲ್ಲಿ ಹಳಬರ ಉಪಾಯ: 35 ಎಂಎಂ ಫಿಲ್ಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಟ್ಟು, ಫೋಕಸ್ 3 ಮೀಟರ್‌ಗೆ ನಿಲ್ಲಿಸಿದರೆ ಸುಮಾರು 2ರಿಂದ 7 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಅದೇ ನೋಟದ ಇಂದಿನ ಚಿಕ್ಕ ಕ್ಯಾಮೆರಾಗಳಲ್ಲಿ ಈ ವ್ಯಾಪ್ತಿ ಇನ್ನಷ್ಟು ಹಿಗ್ಗುತ್ತೆ. ದುಡ್ಡಿಲ್ಲವಾ? ಜೇಬಿನ ಮೊಬೈಲೇ ಸಾಕು.

ಆದರೆ ಮೊಬೈಲ್ ಅಂದ ತಕ್ಷಣ ಇನ್ನೊಂದು ಮಾತು ಹೇಳಲೇಬೇಕು. ಕ್ಯಾಮೆರಾ ಕಾಣದಷ್ಟು ಚಿಕ್ಕದಾದಾಗ ಕಳ್ಳತನಕ್ಕೂ ಅನುಕೂಲ. 2025ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ, ಚರ್ಚ್ ಸ್ಟ್ರೀಟ್ ಕಡೆ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಆರೋಪದ ಮೇಲೆ ಒಬ್ಬನ ಬಂಧನವಾಯಿತು. ಅದೂ ‘ಸಹಜ ಬೀದಿ ಚಿತ್ರ’ವೇ ಅಂತೀರಾ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನೋದನ್ನ ನಾವು ಮರೀಬಾರದು.

ಹಾಗಾಗಿ ನನ್ನ ಸಲಹೆ ಇಷ್ಟು. ಕ್ಯಾಮೆರಾ ಚಿಕ್ಕದಿರಲಿ, ಆದರೆ ಬಚ್ಚಿಡಬೇಡಿ. ಜೂಮ್ ಬೇಡ. ದೂರದಿಂದ ಕದಿಯೋ ಬದಲು ಹತ್ತಿರ ಹೋಗಿ, ತೆಗೆದ ಮೇಲೆ ತೋರಿಸಿ. ‘ಬೇಡಪ್ಪ, ಅಳಿಸಿಬಿಡು’ ಅಂದರೆ ಅವರೆದುರೇ ಅಳಿಸಿ. ರಾಮಮಂದಿರದ ಬಳಿಯ ತರಕಾರಿ ಗಾಡಿ, ಬಸವೇಶ್ವರನಗರದ ಕಬ್ಬಿನ ಹಾಲಿನ ಅಂಗಡಿ, ಕೆಂಗೇರಿ ಬಸ್ ನಿಲ್ದಾಣದ ಬೆಳಗಿನ ನೂಕುನುಗ್ಗಲು ಇವತ್ತು ನಮ್ಮ ಕಣ್ಣೆದುರಿಗಿದೆ. ಇಪ್ಪತ್ತು ವರ್ಷ ಆದಮೇಲೆ ಅಲ್ಲಿ ಏನಿರುತ್ತೋ ಯಾರಿಗೆ ಗೊತ್ತು? ಗಿರಣಿಯವರ ಮುಖಗಳನ್ನು ಕಳಕೊಂಡಿದ್ದೀವಿ. ಇವರದನ್ನಾದರೂ, ಇವರು ಒಪ್ಪುವ ಹಾಗೆ, ಉಳಿಸಿಕೊಳ್ಳೋಣ.