ಕಾಣದ ಕೈಯ ಬುತ್ತಿ: ಆಹಾರಮೌಲ್ಯಗಳೂ ಪರದೇಶದ ಸಿದ್ಧಾನ್ನದ ಮೇಲಣ ವಿಶ್ವಾಸವೂ

ಪ್ರಯಾಣಕ್ಕೆ ಹೊರಟವನಿಗೆ ಮನೆಯಲ್ಲಿ ಬುತ್ತಿ ಕಟ್ಟಿಕೊಡುತ್ತಿದ್ದ ಕಾಲದಲ್ಲಿ, ಅದನ್ನು ಬಿಚ್ಚಿ ಉಣ್ಣುವವನ ಮನಸ್ಸಿನಲ್ಲಿ ಯಾವ ಸಂಶಯವೂ ಹುಟ್ಟುತ್ತಿರಲಿಲ್ಲ. ಏಕೆಂದರೆ ಅಕ್ಕಿಯನ್ನು ಆರಿಸಿದ ಕೈ ಯಾವುದು, ಒಗ್ಗರಣೆಯ ಎಣ್ಣೆ ಯಾವ ಗಾಣದ್ದು, ಮೊಸರನ್ನ ಹುಳಿಯಾಗದಿರಲೆಂದು ಹಾಲು ಬೆರೆಸಿದವರು ಯಾರು ಎಂಬುದೆಲ್ಲ ಅವನಿಗೆ ಕೇಳದೆಯೇ ತಿಳಿದಿತ್ತು. ತನ್ನ ಮನೆಯದಲ್ಲದ ಅನ್ನವನ್ನು ನಮ್ಮ ಹಿರಿಯರು ಪರಾನ್ನವೆಂದು ಕರೆದು, ಅದನ್ನು ಸ್ವೀಕರಿಸುವುದಕ್ಕೆ ಮುಂಚೆ ಬಡಿಸುವವರ ಆಚಾರವೇನು, ನಡೆಯೇನು ಎಂದು ವಿಚಾರಿಸುತ್ತಿದ್ದರು. ಆ ವಿಚಾರಣೆಯು ಜಾತಿಯ ಗೋಡೆಗಳನ್ನು ಎತ್ತರಿಸಿದ ಅನ್ಯಾಯಕ್ಕೂ ಕಾರಣವಾಯಿತೆಂಬುದನ್ನು ಮರೆಯಲಾಗದು. ಆದರೂ ಅದರೊಳಗೆ ಅಡಗಿದ್ದ ಮೂಲಪ್ರಶ್ನೆ, ಎಂದರೆ ನಾನು ಯಾವುದನ್ನು ಮುಖ್ಯವೆಂದು ಎಣಿಸಿದ್ದೇನೆಯೋ ಅದನ್ನು ಈ ಅಡುಗೆ ಮಾಡಿದವರೂ ಮುಖ್ಯವೆಂದು ಎಣಿಸಿದ್ದಾರೆಯೆ ಎಂಬ ಪ್ರಶ್ನೆ, ಇಂದಿಗೂ ಜೀವಂತವಾಗಿದೆ.

ಬೆಂಗಳೂರಿನ ದೊಡ್ಡ ದಿನಸಿ ಮಳಿಗೆಗಳಲ್ಲಿ ಈಗ ಕೊರಿಯಾ ದೇಶದ ನೂಡಲ್ಸ್ ಪೊಟ್ಟಣಗಳು ಸಾಲಾಗಿ ನಿಂತಿರುವುದನ್ನು ಯಾರಾದರೂ ನೋಡಬಹುದು. ಮುಂಭಾಗದಲ್ಲಿ ನಮಗೆ ಓದಲು ಬಾರದ ಲಿಪಿ. ಹಿಂಭಾಗದಲ್ಲಿ, ಇಲ್ಲಿಗೆ ಬಂದ ಮೇಲೆ ಅಂಟಿಸಿದ ಒಂದು ಬಿಳಿಯ ಚೀಟಿ. ಆ ಚೀಟಿಯಲ್ಲಿ ಆಮದು ಮಾಡಿಕೊಂಡವರ ವಿಳಾಸ, ಬೆಲೆ, ಪರವಾನಗಿಯ ಸಂಖ್ಯೆ, ಮತ್ತು ಸಾಸಿವೆಗಿಂತ ಕೊಂಚ ದೊಡ್ಡದಾದ ಒಂದು ಹಸಿರು ಅಥವಾ ಕಂದು ಗುರುತು. ಮಗಳು ಮುಂಭಾಗದ ಕೆಂಪು ಬಣ್ಣವನ್ನು ಮೆಚ್ಚಿ ಪೊಟ್ಟಣವನ್ನು ಎತ್ತಿಕೊಂಡರೆ, ತಾಯಿ ಅದನ್ನು ತಿರುಗಿಸಿ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾಳೆ. "ಹಸಿರು ಚುಕ್ಕೆ ಇದೆ ಕಣಮ್ಮ" ಎಂದು ಮಗಳು ಹೇಳಿದರೂ ತಾನೇ ಕಾಣುವವರೆಗೆ ಅವಳಿಗೆ ಸಮಾಧಾನವಿಲ್ಲ. ಒಂದೇ ಪೊಟ್ಟಣ, ಒಂದೇ ಮನೆ. ಆದರೆ ಕೇಳುವ ಪ್ರಶ್ನೆಗಳು ಎರಡು. ಈ ಪ್ರಶ್ನಭೇದವನ್ನು, ಆಹಾರದ ಆಯ್ಕೆಯನ್ನು ಅಭ್ಯಸಿಸುವ ಶಾಸ್ತ್ರವು ಹೇಗೆ ಹಂತಹಂತವಾಗಿ ಅರಿತುಕೊಂಡಿತೆಂಬುದನ್ನು ಸಮೀಕ್ಷಿಸುವುದು ಈ ಲೇಖನದ ಉದ್ದೇಶ.

ಸಿದ್ಧಾನ್ನದ ಚರಿತ್ರೆಯು ಅದರ ಮೇಲಣ ವಿಶ್ವಾಸವನ್ನು ಕುರಿತ ಅಧ್ಯಯನದ ಚರಿತ್ರೆಗಿಂತ ಹಳೆಯದು. ಫ್ರಾನ್ಸಿನ ನಿಕೊಲಾ ಅಪೆರ್ ಎಂಬಾತನು ಗಾಜಿನ ಪಾತ್ರೆಯಲ್ಲಿ ಆಹಾರವನ್ನು ಮುಚ್ಚಿ ಕುದಿಸಿ ಕೆಡದಂತೆ ಇಡುವ ತನ್ನ ವಿಧಾನವನ್ನು 1810ರಲ್ಲಿ ಪ್ರಕಟಿಸಿದನು. 1968ರಲ್ಲಿ ಜಪಾನಿನ ಒಟ್ಸುಕಾ ಸಂಸ್ಥೆಯು, ಚೀಲದೊಳಗಿಟ್ಟು ಒತ್ತಡದ ಹಬೆಯಲ್ಲಿ ಬೇಯಿಸಿದ 'ಬೊನ್ ಕರಿ'ಯನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು, ಹಿಮದ ನೆಲೆಗಳಲ್ಲಿ ಕಾವಲಿರುವ ಸೈನಿಕನಿಗೂ ಬಿಸಿಯೂಟ ದೊರಕಬೇಕೆಂದು ಇದೇ ರಿಟಾರ್ಟ್ ಪೊಟ್ಟಣದ ವಿದ್ಯೆಯನ್ನು ಭಾರತೀಯ ಅಡುಗೆಗೆ ಅಳವಡಿಸಿತು. ಮುಂದೆ ಆ ವಿದ್ಯೆ ಖಾಸಗಿ ಉದ್ಯಮಗಳ ಕೈಸೇರಿ, ಬಿಸಿಬೇಳೆಬಾತ್ ಕಡಲು ದಾಟುವಂತಾಯಿತು. ಅನ್ನ ಕೆಡದಂತೆ ಮಾಡುವುದನ್ನು ಹೀಗೆ ವಿಜ್ಞಾನ ಸಾಧಿಸಿತು. ಉಣ್ಣುವವನ ಮನಸ್ಸನ್ನು ಒಪ್ಪಿಸುವುದು ಬೇರೆಯೇ ಒಂದು ಕೆಲಸವೆಂದು ತಿಳಿಯುವುದಕ್ಕೆ ಇನ್ನಷ್ಟು ಕಾಲ ಬೇಕಾಯಿತು.

ಈ ಅರಿವಿನ ಮೊದಲ ಹೆಜ್ಜೆ ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದಲ್ಲಿ ಮಾಂಸದ ಅಭಾವವುಂಟಾಗಿ, ಜನರು ಸಾಮಾನ್ಯವಾಗಿ ತಿನ್ನದ ಹೃದಯ, ಮೂತ್ರಪಿಂಡ ಮೊದಲಾದ ಭಾಗಗಳನ್ನು ಬಳಕೆಗೆ ತರಬೇಕಾದಾಗ, ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಗೃಹಿಣಿಯರ ನಡುವೆ ಪ್ರಯೋಗಗಳನ್ನು ನಡೆಸಿದನು. ಮೇಜಿನ ಮೇಲೆ ಬಂದುದನ್ನು ಮನೆಯವರು ತಿನ್ನುತ್ತಾರೆ. ಆದರೆ ಮೇಜಿಗೆ ಏನು ಬರಬೇಕೆಂಬುದನ್ನು ನಿರ್ಣಯಿಸುವ ದ್ವಾರಪಾಲಕಿ ಗೃಹಿಣಿ ಎಂಬುದು 1943ರಲ್ಲಿ ಅವನು ಮಂಡಿಸಿದ ತತ್ತ್ವ. ಪೌಷ್ಟಿಕತೆಯ ಮೇಲೆ ಸೊಗಸಾದ ಉಪನ್ಯಾಸವನ್ನು ಕೇಳಿದವರಲ್ಲಿ ಶೇಕಡ 3ರಷ್ಟು ಮಂದಿ ಮಾತ್ರ ಆ ಹೊಸ ಮಾಂಸವನ್ನು ಬಡಿಸಿದರೆ, ತಮ್ಮತಮ್ಮೊಳಗೆ ಚರ್ಚಿಸಿ ನಿಶ್ಚಯಿಸಿದವರಲ್ಲಿ ಶೇಕಡ 32ರಷ್ಟು ಮಂದಿ ಬಡಿಸಿದರು. ತಿಳಿವಳಿಕೆಯೊಂದರಿಂದಲೇ ಅನ್ನದ ಮೇಲಣ ಭಾವನೆ ಬದಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

1950ರಲ್ಲಿ ಮೇಸನ್ ಹೇರ್ ಮಾಡಿದ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಅವನು ಎರಡು ದಿನಸಿ ಪಟ್ಟಿಗಳನ್ನು ಸಿದ್ಧಪಡಿಸಿದನು. ಎಲ್ಲ ಪದಾರ್ಥಗಳೂ ಒಂದೇ, ಆದರೆ ಒಂದರಲ್ಲಿ ಸೋಸಿ ಮಾಡುವ ಕಾಫಿಪುಡಿ, ಇನ್ನೊಂದರಲ್ಲಿ ಬಿಸಿನೀರಿಗೆ ಕಲಸುವ ದಿಢೀರ್ ಕಾಫಿ. ಈ ಪಟ್ಟಿಯನ್ನು ಬರೆದ ಹೆಂಗಸು ಎಂಥವಳಿರಬಹುದೆಂದು ಕೇಳಿದಾಗ, ದಿಢೀರ್ ಕಾಫಿಯ ಪಟ್ಟಿ ಕಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಕೆಯನ್ನು ಸೋಮಾರಿಯೆಂದು ಕರೆದರು. ಕಾಫಿಯ ರುಚಿಯ ಮಾತೇ ಅಲ್ಲಿರಲಿಲ್ಲ. ತೀರ್ಪಿಗೆ ಗುರಿಯಾದದ್ದು ಗೃಹಿಣಿಯ ಶೀಲ. ಸಿದ್ಧವಸ್ತುವೆಂದರೆ ಕರ್ತವ್ಯಲೋಪವೆಂಬ ಭಾವನೆ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದು ಹೀಗೆ ಹೊರಬಿದ್ದಿತು.

ಎರಡನೆಯ ಹಂತದಲ್ಲಿ ದೃಷ್ಟಿಯು ಪದಾರ್ಥದ ಮೂಲದೇಶದತ್ತ ಹೊರಳಿತು. 1965ರಲ್ಲಿ ರಾಬರ್ಟ್ ಸ್ಕೂಲರ್ ಗ್ವಾಟೆಮಾಲದ ವಿದ್ಯಾರ್ಥಿಗಳ ಮುಂದೆ ಒಂದೇ ಹಣ್ಣಿನ ರಸವನ್ನೂ ಒಂದೇ ಬಟ್ಟೆಯ ತುಂಡನ್ನೂ ಬೇರೆಬೇರೆ ದೇಶಗಳ ಹೆಸರಿನ ಚೀಟಿ ಅಂಟಿಸಿ ಇರಿಸಿದಾಗ, ನೆರೆಯ ಎಲ್ ಸಾಲ್ವಡಾರ್ ಮತ್ತು ಕೋಸ್ಟರೀಕಗಳ ಹೆಸರು ಹೊತ್ತದ್ದಕ್ಕೆ ಕಡಿಮೆ ಮೆಚ್ಚುಗೆ ಬಂದಿತು. ಇದ್ದದ್ದು ಒಂದೇ ರಸವಾದರೂ ನಾಲಗೆಗಿಂತ ಮೊದಲು ಹೆಸರು ತೀರ್ಪು ಕೊಟ್ಟಿತ್ತು. 1987ರಲ್ಲಿ ಶಿಂಪ್ ಮತ್ತು ಶರ್ಮಾ ಎಂಬ ವಿದ್ವಾಂಸರು, ಪರದೇಶದ ವಸ್ತುವನ್ನು ಕೊಳ್ಳುವುದು ನ್ಯಾಯವೆ ಎಂಬ ಭಾವವನ್ನು ಅಳೆಯಲು 17 ವಾಕ್ಯಗಳ ಮಾನದಂಡವೊಂದನ್ನು ರಚಿಸಿದರು. ಸ್ವದೇಶಿ ಚಳವಳಿಯನ್ನು ಕಂಡ ನಮಗೆ ಆ ಭಾವ ಅಪರಿಚಿತವೇನಲ್ಲ.

ಇದೇ ಕಾಲದಲ್ಲಿ ಅರ್ಥಶಾಸ್ತ್ರಜ್ಞರು ಒದಗಿಸಿದ ಒಂದು ವಿಂಗಡಣೆ ಈ ವಿಷಯಕ್ಕೆ ಅಸ್ತಿಭಾರವಾಯಿತು. ಫಿಲಿಪ್ ನೆಲ್ಸನ್ 1970ರಲ್ಲಿಯೂ, ಡಾರ್ಬಿ ಮತ್ತು ಕಾರ್ನಿ 1973ರಲ್ಲಿಯೂ ಬರೆದುದನ್ನು ಕೂಡಿಸಿ ಹೇಳುವುದಾದರೆ, ವಸ್ತುವಿನ ಗುಣಗಳು ಮೂರು ಬಗೆ: ಕಂಡು ತಿಳಿಯತಕ್ಕವು, ಉಂಡು ತಿಳಿಯತಕ್ಕವು, ನಂಬಿಯೇ ಒಪ್ಪತಕ್ಕವು. ಬದನೆಕಾಯಿಯ ಹೊಳಪು ಮೊದಲನೆಯದು, ಎಣಗಾಯಿಯ ರುಚಿ ಎರಡನೆಯದು. ಆ ಗಿಡಕ್ಕೆ ಯಾವ ಔಷಧ ಹೊಡೆದರು, ಕುಯ್ದವನಿಗೆ ಕೂಲಿ ಸಂದಿತೆ ಎಂಬುದು ಮೂರನೆಯದು. ಮುಚ್ಚಿದ ಚೀಲದಲ್ಲಿ ದೂರದೇಶದಿಂದ ಬಂದ ಊಟದಲ್ಲಿ ಮೊದಲನೆಯದು ಮರೆಯಾಗಿ, ಎರಡನೆಯದು ಹಣ ತೆತ್ತ ಮೇಲಷ್ಟೆ ತಿಳಿದು, ಉಳಿದುದೆಲ್ಲವೂ ನಂಬಿಕೆಯ ಪಾಲಾಗುತ್ತದೆ.

ಹಾಗಾದರೆ ಜನರು ಏನನ್ನು ಕುರಿತು ನಂಬಿಕೆಯನ್ನು ಬಯಸುತ್ತಾರೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಮೌಲ್ಯಶಾಸ್ತ್ರದಿಂದ. ಮಿಲ್ಟನ್ ರೋಕೀಚ್ 1973ರಲ್ಲಿ, ಮೌಲ್ಯಗಳು ಸಂಖ್ಯೆಯಲ್ಲಿ ಕೆಲವೇ ಆಗಿದ್ದು ಬಹುಕಾಲ ನಿಲ್ಲುವಂಥವು, ಮತ್ತು ಅವುಗಳ ನಡುವಣ ತಾರತಮ್ಯವೇ ಮನುಷ್ಯರನ್ನು ಬೇರೆಬೇರೆಯಾಗಿಸುವುದೆಂದು ನಿರೂಪಿಸಿದನು. 1992ರಲ್ಲಿ ಶಾಲೊಮ್ ಶ್ವಾರ್ಟ್ಸ್ ಹಲವು ದೇಶಗಳ ಸಮೀಕ್ಷೆಯಿಂದ ಅವನ್ನು ಹತ್ತು ವರ್ಗಗಳಿಗೆ ಇಳಿಸಿದನು. 1995ರಲ್ಲಿ ಲಂಡನ್ನಿನಲ್ಲಿ ಸ್ಟೆಪ್ಟೋ ಮತ್ತು ಸಂಗಡಿಗರು 36 ಪ್ರಶ್ನೆಗಳಿಂದ ಆಹಾರದ ಆಯ್ಕೆಯ ಒಂಬತ್ತು ಪ್ರೇರಣೆಗಳನ್ನು ಗುರುತಿಸಿದರು. ಈ ಎಳೆಗಳನ್ನೆಲ್ಲ ಹೆಣೆದು ಆಹಾರಮೌಲ್ಯ ಎಂಬ ಪರಿಕಲ್ಪನೆಗೆ ರೂಪ ಕೊಟ್ಟವರು ಅಮೆರಿಕದ ಜೇಸನ್ ಲಸ್ಕ್ ಮತ್ತು ಬ್ರಯನ್ ಬ್ರಿಗ್‌ಮನ್. 2009ರಲ್ಲಿ ಅವರು ಹೆಸರಿಸಿದ ಮೌಲ್ಯಗಳು ಹನ್ನೊಂದು: ಸಹಜತೆ, ರುಚಿ, ಬೆಲೆ, ಸುರಕ್ಷತೆ, ಅನುಕೂಲ, ಪೌಷ್ಟಿಕತೆ, ಸಂಪ್ರದಾಯ, ಮೂಲಸ್ಥಾನ, ನ್ಯಾಯ, ನೋಟ, ಪರಿಸರದ ಮೇಲಣ ಪರಿಣಾಮ. ಎಲ್ಲವೂ ಮುಖ್ಯವೆಂದು ಹೇಳಿ ಜಾರಿಕೊಳ್ಳಲು ಎಡೆಗೊಡದೆ, ಮುಂದಿರಿಸಿದ ಮೌಲ್ಯಗಳ ಪ್ರತಿ ಗುಂಪಿನಲ್ಲಿಯೂ ಅತಿಮುಖ್ಯವಾದ ಒಂದನ್ನೂ ಅತಿ ಅಮುಖ್ಯವಾದ ಒಂದನ್ನೂ ಆರಿಸೆಂದು ಅವರು ಜನರನ್ನು ಕೇಳಿದರು. ಸುರಕ್ಷತೆ, ಪೌಷ್ಟಿಕತೆ, ರುಚಿ, ಬೆಲೆಗಳು ಮೇಲಿನ ಸ್ಥಾನವನ್ನು ಪಡೆದವು. ನ್ಯಾಯ, ಸಂಪ್ರದಾಯ, ಮೂಲಸ್ಥಾನಗಳು ಕೆಳಗುಳಿದವು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ವಿಶ್ವಾಸದ ಅಧ್ಯಯನ ಬೆಳೆದದ್ದು ಆಪತ್ತುಗಳ ನೆರಳಿನಲ್ಲಿ. 1990ರಲ್ಲಿ ಬ್ರಿಟನ್ನಿನ ಮಂತ್ರಿಯೊಬ್ಬರು ಗೋಮಾಂಸ ನಿರಪಾಯಕರವೆಂದು ತೋರಿಸಲು ಪತ್ರಿಕೆಗಳವರ ಮುಂದೆ ಮಗಳ ಬಾಯಿಗೆ ಬರ್ಗರ್ ಹಿಡಿದರು. 1996ರಲ್ಲಿ, ಹಸುಗಳ ಮಿದುಳುರೋಗಕ್ಕೂ ಮನುಷ್ಯರ ಮರಣಕ್ಕೂ ಸಂಬಂಧವಿರಬಹುದೆಂದು ಸರ್ಕಾರವೇ ಒಪ್ಪಬೇಕಾಯಿತು. ವಿಶ್ವಾಸವು ಮಾಹಿತಿಗಿಂತ ಹೆಚ್ಚಾಗಿ ಮೌಲ್ಯಗಳ ಸಾಮ್ಯದಿಂದ ಹುಟ್ಟುತ್ತದೆ, ತನ್ನಂತೆಯೇ ಎಣಿಸುವವರನ್ನು ಮನುಷ್ಯನು ನಂಬುತ್ತಾನೆ ಎಂದು 1995ರಲ್ಲಿ ಅರ್ಲ್ ಮತ್ತು ಸ್ವೆಟ್ಕೊವಿಚ್ ವಾದಿಸಿದ್ದರು. ಆರು ಯುರೋಪಿಯನ್ ದೇಶಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಕೆರ್ನೆಸ್, ಹಾರ್ವಿ, ವಾರ್ಡ್ ಎಂಬವರ ಗ್ರಂಥವು ಅದಕ್ಕೆ ಇನ್ನೊಂದು ಮುಖವನ್ನು ಕೂಡಿಸಿತು: ಸಂಸ್ಥೆಗಳು ಸರಿಯಾಗಿ ನಡೆದುಕೊಳ್ಳುವಲ್ಲಿ ಜನರೂ ನಂಬುತ್ತಾರೆ, ನಂಬದಿರುವುದು ಜನರ ಅಜ್ಞಾನವಲ್ಲ.

ಸಿದ್ಧಾನ್ನಕ್ಕೆ ಸಂಬಂಧಿಸಿದ ಎರಡು ಘಟನೆಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿರಿಸಿ ನೋಡುವುದು ಅಗತ್ಯ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರವು ಗೋಮಾಂಸದ ಬರ್ಗರುಗಳಲ್ಲಿ ಕುದುರೆಯ ಮಾಂಸವಿರುವುದನ್ನು ಪತ್ತೆಹಚ್ಚಿತು. ಒಂದು ಮಾದರಿಯಲ್ಲಿ ಅದು ಶೇಕಡ 29ರಷ್ಟಿತ್ತು. ಮುಂದಿನ ತಿಂಗಳು ಬ್ರಿಟನ್ನಿನಲ್ಲಿ ಮಾರಾಟವಾಗುತ್ತಿದ್ದ ಹಿಮಗಟ್ಟಿಸಿದ ಲಸಾನ್ಯದಲ್ಲಿ ಕೆಲವೆಡೆ ಗೋಮಾಂಸವೇ ಇರಲಿಲ್ಲವೆಂದು ತಿಳಿದುಬಂದಿತು. ಕುದುರೆ ರೊಮೇನಿಯದ್ದು, ದಲ್ಲಾಳಿಗಳು ಸೈಪ್ರಸ್, ನೆದರ್ಲೆಂಡ್ಸುಗಳವರು, ಮಾಂಸ ಫ್ರಾನ್ಸಿನ ಮೂಲಕ ಲಕ್ಸೆಂಬರ್ಗಿನ ಕಾರ್ಖಾನೆಯನ್ನು ಸೇರಿ ಊಟವಾಗಿ ಹೊರಬಂದಿತ್ತು. ಅದನ್ನುಂಡು ಜನ ಕಾಯಿಲೆ ಬೀಳಲಿಲ್ಲ. ಸುರಕ್ಷತೆಯೊಂದೇ ವಿಶ್ವಾಸದ ಆಧಾರವಾಗಿದ್ದಿದ್ದರೆ ಜನ ಭುಜ ಹಾರಿಸಿ ಸುಮ್ಮನಾಗಬೇಕಿತ್ತು. ಆದರೆ ಖಂಡವೇ ಕ್ಷೋಭೆಗೊಂಡಿತು. ಸುಳ್ಳು ಬಡಿಸಿದವರನ್ನು ಉಣ್ಣುವವರು ಕ್ಷಮಿಸಲಿಲ್ಲ.

ಎರಡನೆಯದು ಜಪಾನಿನದು. 2007ರ ಡಿಸೆಂಬರಿನಿಂದ 2008ರ ಜನವರಿಯವರೆಗೆ, ಚೀನಾದ ಹೆಬೈ ಪ್ರಾಂತದಲ್ಲಿ ತಯಾರಾದ ಹಿಮಗಟ್ಟಿಸಿದ ಗ್ಯೋಜಾ ಕಡುಬುಗಳನ್ನು ತಿಂದು ಚಿಬಾ ಮತ್ತು ಹ್ಯೋಗೊ ಪ್ರಾಂತಗಳಲ್ಲಿ ಹತ್ತು ಮಂದಿ ಅಸ್ವಸ್ಥರಾದರು. ಅವುಗಳಲ್ಲಿ ಮೆಥಮಿಡೊಫಾಸ್ ಎಂಬ ಕೀಟನಾಶಕವಿತ್ತು. ಚೀನಾದ ಆಹಾರವೆಂದರೆ ಜಪಾನಿನ ಗೃಹಿಣಿಯರು ಕೈಹಿಂದೆಗೆದರು. 2009ರಲ್ಲಿ ಆ ದೇಶವು ಗ್ರಾಹಕರ ಹಿತರಕ್ಷಣೆಗಾಗಿಯೇ ಒಂದು ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ತನಿಖೆ ಮುಗಿದು, ಆ ಕಾರ್ಖಾನೆಯಲ್ಲಿ ಹಿಂದೆ ದುಡಿಯುತ್ತಿದ್ದವನೊಬ್ಬನು 2010ರಲ್ಲಿ ಸೆರೆಯಾದನು. ಸಂಬಳ ಬೋನಸ್ಸುಗಳ ವಿಷಯದ ಅಸಮಾಧಾನದಿಂದ ಸೂಜಿಯ ಮೂಲಕ ವಿಷವನ್ನು ಸೇರಿಸಿದನೆಂಬುದು ಅವನ ಮೇಲಣ ಆರೋಪ. 2014ರಲ್ಲಿ ಅವನಿಗೆ ಆಜೀವ ಕಾರಾಗೃಹವಾಯಿತು. ನಿರಪರಾಧಿಗಳಿಗೆ ವಿಷವುಣಿಸಿದ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಗ್ರಾಹಕರು ಪಟ್ಟಿಯ ಕೆಳಗಿಟ್ಟಿದ್ದ ನ್ಯಾಯವೆಂಬ ಮೌಲ್ಯಕ್ಕೂ, ತುದಿಯಲ್ಲಿಟ್ಟಿದ್ದ ಸುರಕ್ಷತೆಯೆಂಬ ಮೌಲ್ಯಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಈ ಘಟನೆ ಎಷ್ಟು ಕಠೋರವಾಗಿ ತಿಳಿಸುತ್ತದೆ! ಬುತ್ತಿ ಕಟ್ಟುವ ಕೈ ಕಾಣದಿರಬಹುದು. ಆ ಕೈಯ ಮನಸ್ಸಿನ ಸ್ಥಿತಿ ಬುತ್ತಿಯೊಳಗೆ ಇಳಿದೇ ಇಳಿಯುತ್ತದೆ.

ಶಾಸ್ತ್ರದ ಕೊರತೆಯೊಂದನ್ನೂ ಹೇಳಬೇಕಾಗಿದೆ. ಹನ್ನೊಂದು ಮೌಲ್ಯಗಳ ಪಟ್ಟಿ ಅಮೆರಿಕದ ಗ್ರಾಹಕನನ್ನು ಕಣ್ಣಮುಂದಿರಿಸಿಕೊಂಡು ಆದದ್ದು. ಅದರಲ್ಲಿ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯಬಹುದೆಂಬ ಭಾವನೆ ಅಂತರ್ಗತವಾಗಿದೆ. ಆದರೆ ಸಸ್ಯಾಹಾರಿಗೆ ಹಸಿರು ಚುಕ್ಕೆ, ಮುಸಲ್ಮಾನನಿಗೆ ಹಲಾಲ್ ಮುದ್ರೆ, ಯೆಹೂದ್ಯನಿಗೆ ಕೋಷರ್ ಗುರುತು, ಇವು ಬೆಲೆಯೊಡನೆ ತೂಗಿನೋಡುವ ಇಷ್ಟಾನಿಷ್ಟಗಳಲ್ಲ, ಅವು ಹೊಸ್ತಿಲುಗಳು. ಹೊಸ್ತಿಲನ್ನು ದಾಟಿದ ಮೇಲಷ್ಟೆ ರುಚಿಯೂ ಬೆಲೆಯೂ ಮಾತನಾಡಬಲ್ಲವು. ಇದನ್ನು ಸಂಪ್ರದಾಯವೆಂಬ ಒಂದು ಪದದಲ್ಲಿ ಅಡಗಿಸಿ ಕೊನೆಯ ಸ್ಥಾನಕ್ಕೆ ತಳ್ಳಿದರೆ, ಜಗತ್ತಿನ ಅಸಂಖ್ಯಾತ ಜನರ ಅನ್ನದ ವಿವೇಕವೇ ಲೆಕ್ಕದಿಂದ ಹೊರಗುಳಿದೀತು. ಏಷ್ಯಾದ ಅಡುಗೆಗಳು ಪೊಟ್ಟಣಗಳಲ್ಲಿ ದೇಶಾಂತರ ಹೊರಟಿರುವ ಈ ದಿನಗಳಲ್ಲಿ, ಅಳೆಯುವ ಕೋಲನ್ನೂ ಈ ನಾಡುಗಳ ಅನುಭವದಿಂದಲೇ ಕೆತ್ತಬೇಕಾಗಿದೆ.

ಪರದೇಶದ ಅನ್ನವೆಂಬ ಮಾತೂ ನಿಂತ ನೆಲದಿಂದ ಅರ್ಥ ಬದಲಿಸುತ್ತದೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಓಕ್ ಟ್ರೀ ರಸ್ತೆಯ ಭಾರತೀಯ ಅಂಗಡಿಗಳಲ್ಲಿ ಸಿಗುವ ಬಿಸಿಬೇಳೆಬಾತಿನ ಪೊಟ್ಟಣ ಆ ದೇಶದ ಕಾನೂನಿಗೆ ಆಮದು ವಸ್ತು. ಅಲ್ಲಿನ ಕನ್ನಡದ ತಾಯಿಗೆ ಅದು ತೌರಿನ ಕಡೆಯಿಂದ ಬಂದದ್ದು. ಅಮೆರಿಕದ ಗ್ರಾಹಕರ ಪಟ್ಟಿಯಲ್ಲಿ ಕೆಳಗಿರುವ ಮೂಲಸ್ಥಾನ, ಸಂಪ್ರದಾಯಗಳೇ ಅವಳ ಪಟ್ಟಿಯ ನೆತ್ತಿಯಲ್ಲಿವೆ. ಅವಳು ತಾರೀಖನ್ನು ನೋಡುತ್ತಾಳೆ, ಚೀಲ ಉಬ್ಬಿಲ್ಲವೆಂದು ಬೆರಳಿನಿಂದ ಒತ್ತಿ ಪರೀಕ್ಷಿಸುತ್ತಾಳೆ, ಮನೆಗೆ ಬಂದು ಕುದಿಯುವ ನೀರಿನಲ್ಲಿ ಇಳಿಬಿಡುತ್ತಾಳೆ. ಆಮೇಲೆ ಮೂಲೆಯನ್ನು ಕತ್ತರಿಸಿ ಹಬೆಯಾಡುವ ಬಾತನ್ನು ಬಟ್ಟಲಿಗೆ ಬಗ್ಗಿಸಿ, ಚಿಕ್ಕ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಗೋಡಂಬಿ ಕರಿಬೇವುಗಳ ಒಗ್ಗರಣೆಯನ್ನು ಅದರ ಮೇಲೆ ಹಾಕದೆ ಮಕ್ಕಳಿಗೆ ಬಡಿಸುವುದಿಲ್ಲ. ಕಾರ್ಖಾನೆಯವರು ಆಗಲೇ ಒಗ್ಗರಣೆ ಹಾಕಿದ್ದಾರೆಂಬುದು ಅವಳಿಗೆ ತಿಳಿಯದೆ ಇಲ್ಲ. ಕಾಣದ ಕೈ ಮಾಡಿದ ಅಡುಗೆಗೆ ತನ್ನ ಕೈಯನ್ನೂ ಕೂಡಿಸಿ, ಇದಕ್ಕೆ ನಾನು ಹೊಣೆ ಎಂದು ಆಕೆ ಮಕ್ಕಳಿಗೆ ಮಾತಿಲ್ಲದೆ ಹೇಳುತ್ತಾಳೆ. ಲೆವಿನ್ ಕಂಡ ದ್ವಾರಪಾಲಕಿ ಇಂದಿಗೂ ಬಾಗಿಲಲ್ಲಿ ನಿಂತಿದ್ದಾಳೆ. ಅನ್ನವನ್ನು ದೂರದೇಶಗಳಿಗೆ ಕಳುಹಿಸುವ ಪ್ರತಿಯೊಬ್ಬನೂ ಅವಳ ಪ್ರಶ್ನೆಗೆ, ತಾನು ಬಯಸಿದ ಉತ್ತರವನ್ನಲ್ಲ, ನಿಜವಾದ ಉತ್ತರವನ್ನು ಕೊಡಲು ಬದ್ಧನಾಗಿದ್ದಾನೆ.