ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳೊಂದಿಗೆ ಕುಟುಂಬ ಪ್ರವಾಸ: ಸ್ಥಳದ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬೇಸಿಗೆ ಹಾಗೂ ದಸರಾ ರಜೆಯ ಅವಧಿಯಲ್ಲಿ ರಾಜ್ಯದ ಅನೇಕ ಕುಟುಂಬಗಳು ಮಕ್ಕಳೊಂದಿಗೆ ಪ್ರವಾಸ ಕೈಗೊಳ್ಳುತ್ತವೆ. 1ರಿಂದ 5ನೇ ತರಗತಿಯವರೆಗಿನ ಮಕ್ಕಳಿರುವ ಪೋಷಕರು ಸ್ಥಳ ಆಯ್ದುಕೊಳ್ಳುವಾಗ, ಮುಂಗಡ ಕಾಯ್ದಿರಿಸುವಾಗ ಹಾಗೂ ಪ್ರವಾಸದ ಅವಧಿಯಲ್ಲಿ ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ. ಸ್ಥಳದ ಖ್ಯಾತಿಗಿಂತ ಮಗುವಿನ ಶಕ್ತಿ, ಆಸಕ್ತಿ ಮತ್ತು ಸುರಕ್ಷತೆಯನ್ನು ಆಯ್ಕೆಯ ಆಧಾರವಾಗಿ ಪರಿಗಣಿಸುವುದು ಸೂಕ್ತ.

1. ದೂರ ಮತ್ತು ದಿನಗಳು

ಒಂದೇ ಪ್ರವಾಸದಲ್ಲಿ ಹೆಚ್ಚು ಊರುಗಳನ್ನು ನೋಡಿ ಮುಗಿಸುವ ಉದ್ದೇಶದಿಂದ ಬಹುತೇಕ ಸಮಯವನ್ನು ವಾಹನದಲ್ಲಿಯೇ ಕಳೆಯುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇದರಿಂದ ಮಕ್ಕಳು ಬಳಲುತ್ತಾರೆ. ನೋಡಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ಊರನ್ನು ತಂಗುದಾಣವಾಗಿಸಿಕೊಂಡು ಸುತ್ತಲಿನ ಎರಡು ಮೂರು ಸ್ಥಳಗಳನ್ನು ನಿಧಾನವಾಗಿ ನೋಡುವುದು ಉತ್ತಮ. ಘಟ್ಟದ ರಸ್ತೆಗಳಲ್ಲಿ ಮಕ್ಕಳಿಗೆ ವಾಂತಿ, ತಲೆಸುತ್ತು ಸಾಮಾನ್ಯವಾದುದರಿಂದ ಹೊರಡುವ ಮುನ್ನ ಲಘು ಆಹಾರ ನೀಡಿ, ದಾರಿಯಲ್ಲಿ ಆಗಾಗ್ಗೆ ವಾಹನ ನಿಲ್ಲಿಸಬೇಕು. ರಾತ್ರಿ ಪ್ರಯಾಣ ಮಾಡಿದಲ್ಲಿ ಮರುದಿನದ ಬೆಳಿಗ್ಗೆಯನ್ನು ವಿಶ್ರಾಂತಿಗೆ ಮೀಸಲಿಡಬೇಕು.

2. ಋತುಮಾನ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಂಪಿ, ಬಾದಾಮಿ, ವಿಜಯಪುರ ಪ್ರದೇಶಗಳಲ್ಲಿ ಬಿಸಿಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದುಂಟು. ಕಲ್ಲಿನ ಅಂಗಳಗಳಲ್ಲಿ ಬರಿಗಾಲಿನಲ್ಲಿ ನಡೆಯುವುದು ಮಕ್ಕಳಿಗೆ ಅಸಾಧ್ಯವಾಗುತ್ತದೆ. ಈ ಸ್ಥಳಗಳನ್ನು ದಸರಾ ರಜೆಯಿಂದ ಫೆಬ್ರವರಿಯವರೆಗಿನ ಅವಧಿಗೆ ಇಟ್ಟುಕೊಳ್ಳುವುದು ಸೂಕ್ತ. ಬೇಸಿಗೆ ರಜೆಗೆ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದಂತಹ ತಂಪು ತಾಣಗಳು ಅಥವಾ ಮೈಸೂರಿನಂತಹ ಹಿತವಾದ ಹವೆಯ ಊರುಗಳು ಅನುಕೂಲಕರ.

253 ಮೀಟರ್ ಎತ್ತರದಿಂದ ಧುಮುಕುವ ಜೋಗ ಜಲಪಾತವು ಮಳೆಗಾಲದಲ್ಲಿ ತುಂಬಿರುತ್ತದೆ. ಬೇಸಿಗೆಯಲ್ಲಿ ನೀರು ಬಹಳ ಕಡಿಮೆ. ಬೇಸಿಗೆ ರಜೆಯಲ್ಲಿ ಜೋಗಕ್ಕೆ ಹೋಗುವವರು ಈ ಸಂಗತಿಯನ್ನು ಮಕ್ಕಳಿಗೆ ಮೊದಲೇ ತಿಳಿಸಿದಲ್ಲಿ ನಿರಾಶೆ ತಪ್ಪುತ್ತದೆ.

3. ಮಕ್ಕಳಿಗೆ ಸೂಕ್ತವಾದ ಕೆಲವು ಸ್ಥಳಗಳು

ಅ) ಮೈಸೂರು ಮತ್ತು ಸುತ್ತಮುತ್ತ: 1892ರಲ್ಲಿ ಸ್ಥಾಪನೆಯಾದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಅರ್ಧ ದಿನ ಬೇಕಾಗುತ್ತದೆ. ನಡಿಗೆಯ ದಾರಿ ದೀರ್ಘವಾದುದರಿಂದ ಬೆಳಿಗ್ಗೆಯೇ ಪ್ರವೇಶಿಸುವುದು ಒಳ್ಳೆಯದು. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ ಇರುತ್ತದೆ. ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿಯಲ್ಲಿ ಕುಳಿತು ಕೊಕ್ಕರೆ, ಹೆಜ್ಜಾರ್ಲೆ ಹಾಗೂ ಬಂಡೆಗಳ ಮೇಲೆ ಮಲಗಿದ ಮೊಸಳೆಗಳನ್ನು ಹತ್ತಿರದಿಂದ ಕಾಣಬಹುದು. ಜಲಾಶಯದಿಂದ ಕಾವೇರಿಗೆ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ಸ್ಥಗಿತಗೊಳ್ಳುತ್ತದೆ. ಸೋಮನಾಥಪುರದ ಕೇಶವ ದೇವಾಲಯವು ಬೇಲೂರು, ಹಳೇಬೀಡು ದೇವಾಲಯಗಳೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ದೇವಾಲಯವು ಚಿಕ್ಕದಾದುದರಿಂದ ಮಕ್ಕಳು ದಣಿಯುವುದಿಲ್ಲ. ಹೊರಗೋಡೆಯ ಕೆಳಪಟ್ಟಿಕೆಯಲ್ಲಿರುವ ಆನೆಗಳನ್ನು ಎಣಿಸುತ್ತಾ ಸುತ್ತು ಬರುವುದು ಅವರಿಗೆ ಆಟವಾಗುತ್ತದೆ.

ಆ) ಬೆಂಗಳೂರು: 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ತಾವೇ ಮುಟ್ಟಿ, ತಿರುಗಿಸಿ ಕಲಿಯುವ ಮಾದರಿಗಳಿವೆ. ಜವಾಹರಲಾಲ್ ನೆಹರು ತಾರಾಲಯಕ್ಕೆ ಸೋಮವಾರ ರಜೆ. ಇಲ್ಲಿ ಕನ್ನಡದಲ್ಲಿಯೂ ಪ್ರದರ್ಶನಗಳಿರುತ್ತವೆ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ.

ಇ) ವಿಜಯಪುರ: 17ನೇ ಶತಮಾನದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಬದಿ ಮೆಲ್ಲಗೆ ನುಡಿದದ್ದು ಎದುರು ಬದಿಗೆ ಕೇಳಿಸುತ್ತದೆ. ಜನಸಂದಣಿ ಹೆಚ್ಚಾದಂತೆ ಗದ್ದಲದಲ್ಲಿ ಈ ಅನುಭವ ದೊರೆಯದು. ಬೆಳಿಗ್ಗೆ ಬಾಗಿಲು ತೆರೆಯುವ ವೇಳೆಗೇ ತಲುಪಬೇಕು. ಮೇಲೇರುವ ಮೆಟ್ಟಿಲುಗಳು ಕಿರಿದಾಗಿದ್ದು, ಚಿಕ್ಕ ಮಕ್ಕಳ ಕೈ ಹಿಡಿದು ಕರೆದೊಯ್ಯಬೇಕು.

ಈ) ಹಂಪಿ: ಸ್ಮಾರಕಗಳು ವಿಶಾಲ ಪ್ರದೇಶದಲ್ಲಿ ಹರಡಿವೆ. ಎಲ್ಲವನ್ನೂ ಒಂದೇ ದಿನದಲ್ಲಿ ನೋಡುವ ಬದಲು ಕಲ್ಲಿನ ರಥವಿರುವ ವಿಜಯ ವಿಠ್ಠಲ ದೇವಾಲಯ, ಆನೆ ಲಾಯ ಮೊದಲಾದ ನಾಲ್ಕೈದು ಸ್ಮಾರಕಗಳನ್ನು ಬೆಳಿಗ್ಗೆ ಮತ್ತು ಸಂಜೆ ನೋಡಿ, ಮಧ್ಯಾಹ್ನ ವಿರಮಿಸುವುದು ಸೂಕ್ತ.

ಉ) ಮಲೆನಾಡು ಮತ್ತು ಕರಾವಳಿ: ಶಿವಮೊಗ್ಗ ಸಮೀಪದ ಸಕ್ರೆಬೈಲು ಆನೆ ಬಿಡಾರದಲ್ಲಿ ಆನೆಗಳ ಸ್ನಾನವನ್ನು ಬೆಳಗಿನ ವೇಳೆ ನೋಡಬಹುದು. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ವಿಜ್ಞಾನ ಕೇಂದ್ರ ಹಾಗೂ ತಾರಾಲಯ ಒಂದೇ ಆವರಣದಲ್ಲಿವೆ. ಕಡಲತೀರಗಳ ಪೈಕಿ ಹೊನ್ನಾವರದ ಕಾಸರಕೋಡು ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು.

4. ನೀರಿನ ಬಳಿ ಸುರಕ್ಷತೆ

2024ರ ಡಿಸೆಂಬರ್ ತಿಂಗಳಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಮಳೆಗಾಲ ಮುಗಿದ ನಂತರವೂ ಕಡಲು ಅಪಾಯಕಾರಿಯಾಗಿರಬಲ್ಲದು ಎಂಬುದನ್ನು ಈ ದುರಂತ ತೋರಿಸಿದೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಕಡ್ಡಾಯವಾಗಿ ಪಾಲಿಸಲು ಕೋರಲಾಗಿದೆ.

• ಜೀವರಕ್ಷಕ ಸಿಬ್ಬಂದಿ ಇರುವ ಕಡಲತೀರವನ್ನೇ ಆಯ್ದುಕೊಳ್ಳಬೇಕು. ಸಿಬ್ಬಂದಿ ಇಲ್ಲದಿದ್ದಲ್ಲಿ, ಅಥವಾ ಎಚ್ಚರಿಕೆಯ ಬಾವುಟ ಇಲ್ಲವೇ ಫಲಕ ಇದ್ದಲ್ಲಿ, ಮಕ್ಕಳನ್ನು ನೀರಿಗೆ ಇಳಿಸಬಾರದು.
• ನೀರಿನಲ್ಲಿರುವ ಪ್ರತಿ ಮಗುವೂ ಹಿರಿಯರೊಬ್ಬರ ಕೈಗೆಟುಕುವ ಅಂತರದಲ್ಲಿರಬೇಕು. ಯಾವ ಮಗುವನ್ನು ಯಾರು ನೋಡಿಕೊಳ್ಳುವರೆಂದು ಮೊದಲೇ ನಿಗದಿಪಡಿಸಬೇಕು. ಎಲ್ಲರೂ ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸಿದಾಗ ಯಾರೂ ನೋಡದಿರುವ ಸಂಭವವಿದೆ.
• ಅಣೆಕಟ್ಟೆಗಳ ಕೆಳಭಾಗದ ನದಿಪಾತ್ರದಲ್ಲಿ ನೀರಿನ ಮಟ್ಟ ಹಠಾತ್ತನೆ ಏರಬಹುದು. ಶಾಂತವಾಗಿ ಕಾಣುವ ನದಿಯಲ್ಲಿಯೂ ಮಡು, ಸುಳಿಗಳಿರುತ್ತವೆ.
• ದೋಣಿ ಅಥವಾ ಹರಿಗೋಲು ಏರುವಾಗ ಮಗುವಿನ ಮೈಗೆ ಹೊಂದುವ ಜೀವರಕ್ಷಕ ಕವಚ ಇಲ್ಲದಿದ್ದಲ್ಲಿ ವಿಹಾರವನ್ನು ಕೈಬಿಡಬೇಕು.
• ಬಂಡೆಗಳ ಅಂಚಿನಲ್ಲಿ ಛಾಯಾಚಿತ್ರಕ್ಕಾಗಿ ಮಕ್ಕಳನ್ನು ನಿಲ್ಲಿಸಬಾರದು.

5. ಪ್ರಯಾಣ ದರ ಮತ್ತು ಮುಂಗಡ ಕಾಯ್ದಿರಿಸುವಿಕೆ

ರೈಲು: ಪ್ರಯಾಣದ ದಿನಕ್ಕೆ 60 ದಿನ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬಹುದು (1ನೇ ನವೆಂಬರ್ 2024ರಿಂದ ಜಾರಿ). 5 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಕೋರದಿದ್ದಲ್ಲಿ ಪ್ರಯಾಣ ಉಚಿತ. 5 ವರ್ಷ ತುಂಬಿದ, 12 ವರ್ಷ ತುಂಬದ ಮಕ್ಕಳಿಗೆ ಬರ್ತ್ ಬೇಡವಾದಲ್ಲಿ ಅರ್ಧ ದರ. ಬರ್ತ್ ಬೇಕಾದಲ್ಲಿ ಪೂರ್ಣ ದರ. ಆಸನ ಮಾತ್ರವಿರುವ ಕಾಯ್ದಿರಿಸಿದ ಬೋಗಿಗಳಲ್ಲಿ ಈ ವಯಸ್ಸಿನವರಿಗೆ ಅರ್ಧ ದರದ ಆಯ್ಕೆ ಇಲ್ಲ.

ಬಸ್ಸು: ರಾಜ್ಯ ಸಾರಿಗೆ ಸಂಸ್ಥೆಗಳ ಬಸ್ಸುಗಳಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ ದರವಿದೆ. 11ನೇ ಜೂನ್ 2023ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ಮಹಿಳೆಯರು ಹಾಗೂ ಬಾಲಕಿಯರು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಪ್ರಯಾಣಿಸಬಹುದು. ಐಷಾರಾಮಿ ಹಾಗೂ ಅಂತರರಾಜ್ಯ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಸ್ಮಾರಕಗಳು: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ.

ವಸತಿ: ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳನ್ನು ಮುಂಗಡವಾಗಿ ಕಾಯ್ದಿರಿಸಬಹುದು. ಮಕ್ಕಳಿಗೆ ಹೆಚ್ಚುವರಿ ಹಾಸಿಗೆ ಹಾಗೂ ಕಾಯ್ದಿರಿಸುವಿಕೆ ರದ್ದುಪಡಿಸಿದಲ್ಲಿ ಹಣ ಮರುಪಾವತಿಯ ನಿಯಮಗಳನ್ನು ಹಣ ಪಾವತಿಸುವ ಮೊದಲೇ ಕೇಳಿ ತಿಳಿಯಬೇಕು.

6. ನೆರೆರಾಜ್ಯಗಳಿಗೆ ತೆರಳುವವರ ಗಮನಕ್ಕೆ

ಬಂಡೀಪುರ ಅರಣ್ಯದ ಮೂಲಕ ವಯನಾಡು ಹಾಗೂ ಊಟಿಯ ಕಡೆಗೆ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಊಟಿ ಮತ್ತು ಕೊಡೈಕನಾಲ್ ಪ್ರವಾಸಿ ವಾಹನಗಳಿಗೆ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸ್ ಪದ್ಧತಿ ಜಾರಿಗೆ ಬಂದಿದೆ. ಮಕ್ಕಳೊಂದಿಗೆ ತಪಾಸಣಾ ಠಾಣೆಯಲ್ಲಿ ಕಾಯುವ ಪರಿಸ್ಥಿತಿ ಬಾರದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು.

7. ಆರೋಗ್ಯ ಮತ್ತು ತುರ್ತು ನೆರವು

ಮಲೆನಾಡಿನ ಕೆಲವು ಭಾಗಗಳಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯಬಾರದು. ಪ್ರವಾಸದ ನಂತರ ಜ್ವರ ಬಂದಲ್ಲಿ, ಹೋಗಿಬಂದ ಸ್ಥಳವನ್ನು ವೈದ್ಯರಿಗೆ ತಿಳಿಸಬೇಕು. ಕುದಿಸಿ ಆರಿಸಿದ ನೀರು, ಮಗುವಿನ ನಿತ್ಯದ ಔಷಧಿ, ಓಆರ್‌ಎಸ್ ಪೊಟ್ಟಣ ಹಾಗೂ ವಯಸ್ಸಿನ ದಾಖಲೆಯ ಪ್ರತಿ ಜೊತೆಯಲ್ಲಿರಲಿ. ಪೋಷಕರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಡಬೇಕು. ತಪ್ಪಿಸಿಕೊಂಡಲ್ಲಿ ನಿಂತಲ್ಲಿಯೇ ನಿಂತು ಸಮವಸ್ತ್ರದಲ್ಲಿರುವ ಸಿಬ್ಬಂದಿಯ ನೆರವು ಕೇಳುವಂತೆ ತಿಳಿಸಿಕೊಡಬೇಕು.

ತುರ್ತು ಸಹಾಯ: 112
ಆಂಬುಲೆನ್ಸ್: 108
ಮಕ್ಕಳ ಸಹಾಯವಾಣಿ: 1098
ರೈಲ್ವೆ ಸಹಾಯವಾಣಿ: 139

ವಿಶೇಷ ಸೂಚನೆ

ಪ್ರವೇಶದ ವೇಳೆ, ವಾರದ ರಜೆ, ಶುಲ್ಕ ಹಾಗೂ ರಸ್ತೆ ಸಂಚಾರದ ನಿರ್ಬಂಧಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ಸಂಬಂಧಪಟ್ಟ ಕಚೇರಿಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಆಯ್ಕೆಯನ್ನು ಅಂತಿಮಗೊಳಿಸುವಾಗ ತಮಗೆ ಸೂಕ್ತವೆನಿಸಿದ ಎರಡು ಸ್ಥಳಗಳ ಬಗ್ಗೆ ಮಕ್ಕಳಿಗೆ ತಿಳಿಸಿ, ಅವುಗಳಲ್ಲಿ ಒಂದನ್ನು ಅವರೇ ಆರಿಸಲು ಅವಕಾಶ ನೀಡಬಹುದು. ತಾವೇ ಆರಿಸಿದ ಊರನ್ನು ಮಕ್ಕಳು ಹೆಚ್ಚು ಆಸಕ್ತಿಯಿಂದ ನೋಡುತ್ತಾರೆ.